ಹಸುವಿಗೆ ಕದ್ದು ಚುಚ್ಚೋ ಸೂಜಿ, ಬಾಣಂತಿಯ ಜೀವ ಕಾಯೋ ಸೂಜಿ!

ಆಕ್ಸಿಟೋಸಿನ್ ಅಂದ ಕೂಡಲೇ ಜನಕ್ಕೆ ನೆನಪಾಗೋದು ಕೊಟ್ಟಿಗೆ. ಹಸು-ಎಮ್ಮೆ ಬೇಗ ಹಾಲು ಇಳಿಸಲಿ ಅಂತ ಕದ್ದು ಚುಚ್ಚೋ ಔಷಧಿ ಅದು. ಕಾನೂನಿಗೆ ವಿರುದ್ಧ, ನಿಜ. ಆದರೆ ಅದೇ ಔಷಧಿ ಆಪರೇಷನ್ ಥಿಯೇಟರಿನಲ್ಲಿ ಇಲ್ಲದೆ ಹೋದರೆ ಸಿಸೇರಿಯನ್ ಆದ ಹೆಣ್ಣುಮಗಳ ಗತಿ ಏನು ಸ್ವಾಮಿ?

ಮಗು ಹೊರಬಂದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗಬೇಕು. ಆಗಲೇ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿ ಮುಚ್ಚೋದು. ಸಡಿಲ ಬಿತ್ತೋ, ನಲ್ಲಿ ಬಿಟ್ಟ ಹಾಗೆ ರಕ್ತ! ಸಹಜ ಹೆರಿಗೆಗಿಂತ ಸಿಸೇರಿಯನ್ನಿನಲ್ಲಿ ರಕ್ತ ಹೋಗೋದೂ ಹೆಚ್ಚು. ಅದಕ್ಕೇ, ರಕ್ತ ಸುರಿಯೋ ತನಕ ಕಾಯದೆ, ಮಗು ತೆಗೆದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟಾದರೂ ರಕ್ತ ನಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಇದೆ. ಸುಮಾರು 20,000 ಬಾಣಂತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆ ಹೇಳಿದ್ದಿಷ್ಟು: ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಕಡಿಮೆ. ತಡವಾದರೆ ಪ್ರಯೋಜನವಿಲ್ಲ.

ಕೊಟ್ಟಿಗೆಯ ಕಳ್ಳಾಟ ನಿಲ್ಲಿಸೋಕೆ ಕೇಂದ್ರ ಸರಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸಬಾರದು ಅಂತ ಆಜ್ಞೆ ಹೊರಡಿಸಿತು. ಇಡೀ ದೇಶದ ಹೊಣೆ ಬಿದ್ದದ್ದು ನಮ್ಮ ಬೆಂಗಳೂರಿನ ಸರಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಒಂದರ ಹೆಗಲಿಗೆ! ಒಂದೇ ಕಡೆ ತಯಾರಾದರೆ ಬಾಣಂತಿಯರಿಗೆ ಸಾಕಾಗುತ್ತದೆಯೇ ಅನ್ನೋ ಪ್ರಶ್ನೆ ಕೋರ್ಟು ಮುಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಆ ಆಜ್ಞೆ ರದ್ದು ಮಾಡಿತು.

ಔಷಧಿ ಸಿಕ್ಕರೆ ಮುಗೀತೇ? ಇಲ್ಲ. ಅದನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು. ಬಿಸಿಲಲ್ಲಿ ಬಂದ ಪೆಟ್ಟಿಗೆ, ಕರೆಂಟ್ ಹೋದ ಫ್ರಿಜ್ಜು, ಎರಡೂ ಔಷಧಿಯ ಕಸುವು ತೆಗೆಯುತ್ತವೆ. ಐಸ್‌ಕ್ರೀಂ ಕರಗಿದರೆ ಅಂಗಡಿಯವನಿಗೆ ಕಣ್ಣಿಗೇ ಕಾಣುತ್ತೆ. ಕೆಟ್ಟ ಆಕ್ಸಿಟೋಸಿನ್ ಮಾತ್ರ ನೋಡೋಕೆ ನೀರಿನ ಹಾಗೇ ಇರುತ್ತೆ! 30 ಡಿಗ್ರಿ ಸೆಕೆಯನ್ನೂ ತಡೆಯೋ ಕಾರ್ಬೆಟೋಸಿನ್ ಬಂದಿದೆ. ಬೆಲೆ ಹೊಂದುವ ಕಡೆ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಸೂಜಿ ಯಾವುದು, ಎಷ್ಟು ಅನ್ನೋದು ಡಾಕ್ಟರ ಕೆಲಸ. ಆದರೆ ಹೆರಿಗೆಗೆ ಸೇರಿಸುವಾಗ ಗಂಡನೋ ಅತ್ತೆಯೋ ಒಂದು ಮಾತು ಕೇಳಬಹುದು: ರಕ್ತ ಸಿದ್ಧವಿದೆಯೇ? ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕುಳಿತ ಮುಖಂಡರೂ ಇನ್ನೊಂದು ಕೇಳಲಿ: ಕರೆಂಟ್ ಹೋದರೆ ಔಷಧಿಯ ಫ್ರಿಜ್ಜಿಗೆ ಜನರೇಟರ್ ಲೈನ್ ಇದೆಯೇ?