ಫರ್ನೇಸಿಗೂ ದಮ್ಮು!

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಇಪ್ಪತ್ತೈದು ವರ್ಷಗಳಿಂದ ಊರವರ ಎದೆಗೆ ಸ್ಟೆತಸ್ಕೋಪ್ ಇಟ್ಟು ಉಸಿರು ಕೇಳುವ ನನಗೆ, ನನ್ನ ಮನೆಯದೇ ಉಸಿರು ಕೆಟ್ಟಿದ್ದು ತಿಳಿಯಲಿಲ್ಲ. ತಿಳಿಸಿದವರು ಹೋದ ಚಳಿಗಾಲದಲ್ಲಿ ಹಾಸನದಿಂದ ಮಿಷಿಗನ್ನಿಗೆ ಬಂದಿದ್ದ ನಮ್ಮಮ್ಮ.

"ನಿಮ್ಮ ಬೇಸ್‌ಮೆಂಟಿನ ಯಂತ್ರಕ್ಕೆ ದಮ್ಮು ಕಣೋ. ಎರಡು ನಿಮಿಷ ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ" ಎಂದರು. ನಕ್ಕು ಸುಮ್ಮನಾದೆ. ಬೆಳಿಗ್ಗೆ ಎದ್ದರೆ ತಲೆನೋವು ಎಂದಾಗಲೂ "ಚಳಿ ಒಗ್ಗಿಲ್ಲ ಅಮ್ಮ" ಎಂದು ಟೈಲೆನಾಲ್ ಕೊಟ್ಟೆ. ಶನಿವಾರ ದೇವಸ್ಥಾನಕ್ಕೆ ಹೋದರೆ ನೋವು ಮಾಯ. ಮನೆಗೆ ಬಂದು ಮಲಗಿದರೆ ಮತ್ತೆ ಹಾಜರು! ಆಗ ನನ್ನ ಎದೆ ಧಸಕ್ಕೆಂದಿತು. ಎಲ್ಲರನ್ನೂ ಹೊರಗೆ ಕಳಿಸಿ 911ಕ್ಕೆ ಫೋನ್ ಮಾಡಿದೆ. ಮನೆಯ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅಮ್ಮ ಚೇತರಿಸಿಕೊಂಡರು.

ಮರುದಿನ ಬಂದ ಮೆಕ್ಯಾನಿಕ್ ಕಾರಣ ತೋರಿಸಿದ. ನಾನು ಫಿಲ್ಟರ್ ಬದಲಿಸಿ ವರ್ಷವಾಗಿತ್ತು. ಗಾಳಿ ಒಳಗೆಳೆಯುವ ಜಾಲರಿಯ ಮೇಲೆ, ಕಾಲಿಗೆ ತಣ್ಣಗಾಗುತ್ತದೆಂದು ಅಮ್ಮ ಜಮಖಾನ ಹಾಸಿದ್ದರು. ಮೂಗು ಕಟ್ಟಿದರೆ ಉಸಿರಾಡುವುದು ಹೇಗೆ? ಗಾಳಿ ಸಾಲದೆ ಫರ್ನೇಸಿನ ಒಳಭಾಗ ಅತಿಯಾಗಿ ಕಾಯುತ್ತದೆ. ಲಿಮಿಟ್ ಸ್ವಿಚ್ ಉರಿಯನ್ನು ಆರಿಸುತ್ತದೆ. ತಣಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಹೀಗೆ ಪದೇ ಪದೇ ಕಾದು ತಣಿದು ಹೀಟ್ ಎಕ್ಸ್‌ಚೇಂಜರಿನ ಲೋಹ ಬಿರುಕು ಬಿಟ್ಟಿತ್ತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇದನ್ನು ಗುರುತಿಸದೆ "ಎಲ್ಲ ಸರಿಯಿದೆ" ಎಂದೇ ತೋರಿಸಬಹುದು.

ಫರ್ನೇಸು ಎರಡು ಮೂರು ನಿಮಿಷಕ್ಕೇ ನಿಂತು ಮತ್ತೆ ಶುರುವಾದರೆ ಕಾರಣ ಬೇರೆಯೂ ಇರಬಹುದು: ಮನೆಗೆ ಮೀರಿದ ದೊಡ್ಡ ಫರ್ನೇಸು, ಬಿಸಿಗಾಳಿ ಅಥವಾ ಬಿಸಿಲು ಬೀಳುವ ಕಡೆ ಕೂರಿಸಿದ ಥರ್ಮೋಸ್ಟಾಟ್, ಮಸಿ ಹಿಡಿದ ಫ್ಲೇಮ್ ಸೆನ್ಸರ್. ಬೇಸಿಗೆಯಲ್ಲಿ ಏಸಿಗೂ ಇದೇ ಕಾಯಿಲೆ ಬರುತ್ತದೆ. ಫಿಲ್ಟರ್ ಕಟ್ಟಿದರೆ ಅಥವಾ ಶೀತಕ ಅನಿಲ ಸೋರಿದರೆ ಒಳಗಿನ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಕಂಪ್ರೆಸರ್ ಸವೆಯುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.

ಬಂಧುಗಳೇ, ಒಬ್ಬ ವೈದ್ಯನ ಚೀಟಿ ಎಂದೇ ತಿಳಿಯಿರಿ. ತಿಂಗಳಿಗೊಮ್ಮೆ ಫಿಲ್ಟರ್ ನೋಡಿ, ಕೊಳೆಯಾಗಿದ್ದರೆ ಬದಲಿಸಿ. ಜಾಲರಿಗಳ ಮುಂದೆ ಸೋಫಾ, ಜಮಖಾನ ಬೇಡ. ಚಳಿಗೆ ಮುಂಚೆ ವರ್ಷಕ್ಕೊಮ್ಮೆ ಮೆಕ್ಯಾನಿಕ್ಕನ್ನು ಕರೆಸಿ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅದರ ಬ್ಯಾಟರಿ ಸತ್ತಿತ್ತು.

ಈ ದೀಪಾವಳಿಗೆ ಹಣತೆಗಳ ಜೊತೆ ಒಂದು ಹೊಸ ಬ್ಯಾಟರಿಯನ್ನೂ ತನ್ನಿ. ಊರಿಂದ ಬಂದ ಹಿರಿಯರು "ಏನೋ ಸರಿಯಿಲ್ಲ" ಎಂದರೆ, ನನ್ನ ಹಾಗೆ ನಕ್ಕು ಸುಮ್ಮನಾಗಬೇಡಿ.