ಒಂದು ಚಿತ್ರ ಕೇಳಿದರೆ ನೂರನಲವತ್ತು ಕೋಟಿ!

ಪುಣೆಯ ಜಂಗ್ಲಿ ಮಹಾರಾಜ್ ರಸ್ತೆಯ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗಿಟ್ಟರೆ ಪಾತಾಳೇಶ್ವರ. ನಮ್ಮ ರಾಷ್ಟ್ರಕೂಟರ ಕಾಲದಲ್ಲಿ ಬಂಡೆ ಕೊರೆದು ಮಾಡಿದ ಗುಡಿ. ವಯಸ್ಸು ಸುಮಾರು 1,200 ವರ್ಷ. ಅದರ ಮೇಲೆ ಬ್ಲಾಗಿಗೆ ನಾಲ್ಕು ಪ್ಯಾರಾ ಬರೆದ ಕನ್ನಡಿಗನಿಗೆ ಬೇಕಾದದ್ದು ಒಂದೇ ಒಂದು ಚಿತ್ರ. ಗೂಗಲ್‌ನಲ್ಲಿ ಕಂಡದ್ದನ್ನೆಲ್ಲ ಎತ್ತಿ ಅಂಟಿಸುವಂತಿಲ್ಲ, ಅದು ಯಾರದೋ ಸ್ವತ್ತು. ಕಾಸು ಕೊಡದೆ, ಕದಿಯದೆ ಸಿಗುವ ಚಿತ್ರ ಎಲ್ಲಿದೆ? ಪ್ರಶ್ನೆ ಅಂಗೈಯಷ್ಟು. ಉತ್ತರ ಭೂಮಿಗಿಂತ ದೊಡ್ಡದು, ಅಕ್ಷರಶಃ.

ಪುಣೆಯಿಂದಲೇ ಶುರುಮಾಡೋಣ. 1964ರಲ್ಲಿ ಇಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ರೀಲುಗಳಿವೆ. 1913ರ ಈ ಚಿತ್ರದ ಹಕ್ಕುಸ್ವಾಮ್ಯ ಎಂದೋ ತೀರಿಹೋಗಿದೆ. ಮೂಲದಲ್ಲಿ ಅದರ ಉದ್ದ 3,700 ಅಡಿ. ಅಡಿಗೆ 16 ಚೌಕಟ್ಟಿನಂತೆ 59,200 ಚಿತ್ರ. ಒಂದೇ ಸಿನಿಮಾದಲ್ಲಿ! ಆ ಸುರುಳಿಯನ್ನು ಜೋಗದ ತುದಿಯಿಂದ ಬುಡಕ್ಕೆ ನಾಲ್ಕು ಸಲ ಇಳಿಬಿಟ್ಟರೂ ಇನ್ನೂ 380 ಅಡಿ ಕೈಯಲ್ಲೇ ಉಳಿಯುತ್ತದೆ. (ಈಗ ಉಳಿದಿರುವುದು ಮೊದಲ ಮತ್ತು ಕೊನೆಯ ರೀಲು ಮಾತ್ರ. ಅವೂ 1917ರಲ್ಲಿ ಮತ್ತೆ ತೆಗೆದ ಚಿತ್ರದವು ಎನ್ನುವ ತಕರಾರು ಬೇರೆ.)

ಐವತ್ತೊಂಬತ್ತು ಸಾವಿರ ದೊಡ್ಡದೆನಿಸಿತೇ? 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಎಂಬ ಸ್ಪರ್ಧೆಗೆ 2011ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಬಂದ, ಮುಕ್ತ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದಾದ ಸ್ಮಾರಕ-ಫೋಟೋಗಳು 1,68,208. ಗಿನ್ನೆಸ್ ಪುಸ್ತಕ ತೆರೆದು ಬರೆದುಕೊಂಡಿತು. ಮರುವರ್ಷ ಭಾರತವೂ ಕಣಕ್ಕಿಳಿದಾಗ ಲೆಕ್ಕ ಮೂರೂವರೆ ಲಕ್ಷ ದಾಟಿತು. ಹಗಲೂ ರಾತ್ರಿ, ಏಳೆಂಟು ಸೆಕೆಂಡಿಗೊಂದು ಫೋಟೋ, ಮೂವತ್ತು ದಿನ ಬಿಡುವಿಲ್ಲದೆ! ಅಷ್ಟರ ನಡುವೆ ಮೊದಲ ಬಹುಮಾನ ಗೆದ್ದದ್ದು ದೆಹಲಿಯ ಸಫ್ದರ್‌ಜಂಗ್ ಗೋರಿಯ ಚಿತ್ರ.

2020ರ ಫೆಬ್ರವರಿಯಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಒಂದೇ ಏಟಿಗೆ 28 ಲಕ್ಷ ಚಿತ್ರಗಳ ಬೀಗ ತೆಗೆಯಿತು. ದಿನಕ್ಕೊಂದು ಲೇಖನ, ಲೇಖನಕ್ಕೊಂದು ಚಿತ್ರ ಎಂದು ಹಠ ಹಿಡಿದು ಕೂತರೂ 7,600 ವರ್ಷಕ್ಕೆ ಸಾಕು. ಪಾತಾಳೇಶ್ವರದ ಆಯಸ್ಸಿನ ಆರು ಪಟ್ಟು.

ಇನ್ನು ವಿಕಿಮೀಡಿಯ ಕಾಮನ್ಸ್. 2004ರಲ್ಲಿ ಶುರುವಾದ ಈ ಮುಕ್ತ ಉಗ್ರಾಣ 2023ರಲ್ಲಿ 10 ಕೋಟಿ ಕಡತಗಳನ್ನು ದಾಟಿತು, ಬಹುಪಾಲು ಚಿತ್ರಗಳೇ. ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ನೋಡಿದರೂ ಮೂರು ವರ್ಷ ಎರಡು ತಿಂಗಳು. ಎಲ್ಲವನ್ನೂ ಸ್ಟುಡಿಯೋದಲ್ಲಿ ಸಿಗುವ ಆರಿಂಚಿನ ಫೋಟೋಗಳಾಗಿ ತೊಳೆಸಿ ಹಾಸುತ್ತ ಹೋದರೆ ಪುಣೆಯಿಂದ ಬೆಂಗಳೂರಿಗೆ ಸುಮಾರು ಒಂಬತ್ತು ಸಲ ಹೋಗಿ ಬರಬಹುದು. ತಲಾ ನಾಲ್ಕು ಗ್ರಾಂಗಿಂತ ತುಸು ಕಡಿಮೆ ಹಿಡಿದರೂ ತೂಕ 375 ಟನ್. ಅಂದರೆ ಐದು ಟನ್ನಿನ 75 ಆನೆ. ಇಲ್ಲವೇ ಮೈಸೂರು ದಸರೆಯ 750 ಕಿಲೋ ತೂಗುವ ಚಿನ್ನದ ಅಂಬಾರಿಗಳು ಐನೂರು. ಹೊರಲು ಅಷ್ಟು ಆನೆಗಳನ್ನು ತರುವುದು ಎಲ್ಲಿಂದ?

ಓಪನ್‌ವರ್ಸ್ ಎಂಬ ಹುಡುಕುತಾಣ ಒಂದೇ ಪೆಟ್ಟಿಗೆಯಲ್ಲಿ ಮುಕ್ತ ಪರವಾನಗಿಯ 80 ಕೋಟಿ ಕೃತಿಗಳನ್ನು ಜಾಲಾಡಿಸುತ್ತದೆ. ಸೆಕೆಂಡಿಗೊಂದರಂತೆ ನೋಡಲು ಕೂತ ಯುವಕ ಏಳುವ ಹೊತ್ತಿಗೆ 25 ವರ್ಷ ಕಳೆದಿರುತ್ತದೆ. ಇಂಥ ಉದಾರ ಪರವಾನಗಿಗಳನ್ನು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಮೊದಲು ಹೊರತಂದದ್ದು 2002ರಲ್ಲಿ. ಹದಿನೈದೇ ವರ್ಷ, 2017ರ ಎಣಿಕೆಯಲ್ಲಿ ಅವು 140 ಕೋಟಿ ಕೃತಿಗಳ ಮೇಲಿದ್ದವು! ಬರಹ, ಹಾಡು, ವಿಡಿಯೋ ಎಲ್ಲ ಸೇರಿ. ತಲಾ ಒಂದು ಆರಿಂಚಿನ ಕಾರ್ಡ್ ಇಟ್ಟರೆ ಭೂಮಧ್ಯರೇಖೆಗೆ ಐದು ಸುತ್ತು.

ಹೆಚ್ಚಿನವು ಕೇಳುವ ಬೆಲೆ ಒಂದೇ ಸಾಲು: ತೆಗೆದವರ ಹೆಸರು, ಪರವಾನಗಿಯ ಹೆಸರು. (ಅದರಲ್ಲಿ 'ಎನ್‌ಸಿ' ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ; ಜಾಹೀರಾತು ಹಾಕಿಕೊಂಡ ಬ್ಲಾಗಿನವರು ಸ್ವಲ್ಪ ತಡೆಯಿರಿ.) ಸೆಂಟಿಮೀಟರಿಗೆ ಒಂದು ಸಾಲಿನಂತೆ 140 ಕೋಟಿ ಸಾಲು ಬರೆದರೆ ಕಾಗದದ ಉದ್ದ 14,000 ಕಿಲೋಮೀಟರ್. ಪಾತಾಳೇಶ್ವರದ ನೆಲದಿಂದ ನೇರ ಪಾತಾಳಕ್ಕೇ ಇಳಿಸಿ: ಭೂಮಿಯ 12,742 ಕಿಲೋಮೀಟರ್ ತೂರಿ, ಆಚೆ ಕಡೆ ಇನ್ನೂ 1,258 ಕಿಲೋಮೀಟರ್ ಬಾಲ ಜೋತಾಡುತ್ತಿರುತ್ತದೆ.