ಮೊದಲ ಸೈಕಲ್ ಕೊಳ್ಳುವ ಮುನ್ನ



8ನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಅದಕ್ಕೂ ಮೊದಲೇ ಶಾಲೆ ಬಿಟ್ಟ ನಮ್ಮ ಅಕ್ಕಂದಿರಿಗೆ ಆ ಅವಕಾಶ ಸಿಗಲಿಲ್ಲ. 2023ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ, ನಿಜ. ಆದರೆ ಬಸ್ಸು ಹತ್ತಲಿಕ್ಕೇ ಮೂರು ಕಿ.ಮೀ. ನಡೆಯಬೇಕಾದರೆ? “ಈ ವಯಸ್ಸಲ್ಲಿ ಸೈಕಲ್ಲಾ? ಜನ ನಗ್ತಾರೆ” ಅನ್ನಬೇಡಿ. ನಗುವವರು ಎರಡು ದಿನ ನಗ್ತಾರೆ. ಸೈಕಲ್ ವರ್ಷಗಟ್ಟಲೆ ದುಡಿಯುತ್ತದೆ.

ಕೊಳ್ಳುವಾಗ ಗಮನಿಸಿ:

1. ಅಳತೆ: ಅಂಗಡಿಯಲ್ಲೇ ಹತ್ತಿ ಕುಳಿತು ನೋಡಿ. ಕಲಿಯುವವರಿಗೆ ಎರಡೂ ಪಾದ ನೆಲ ಮುಟ್ಟಬೇಕು. ಕಲಿತ ಮೇಲೆ ಸೀಟು ಏರಿಸಿ. ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ.

2. ಮಾದರಿ: ಸೀರೆ ಉಡುವವರಿಗೆ ನಡುವೆ ಅಡ್ಡ ಪೈಪ್ ಇಲ್ಲದ ಲೇಡೀಸ್ ಸೈಕಲ್ ಅನುಕೂಲ. ಚೈನ್ ಕವರ್, ಹಿಂದಿನ ಚಕ್ರಕ್ಕೆ ಗಾರ್ಡ್ ಇರಲೇಬೇಕು. ಊರಿನ ಓಡಾಟಕ್ಕೆ ಗೇರ್ ಬೇಕಿಲ್ಲ. ಕ್ಯಾರಿಯರ್, ಬೆಲ್, ಬೀಗ, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು.

3. ಹಳೆಯ ಸೈಕಲ್: ಚಕ್ರ ಎತ್ತಿ ತಿರುಗಿಸಿ, ಅಡ್ಡಾದಿಡ್ಡಿ ಓಲಾಡಬಾರದು. ಎರಡೂ ಬ್ರೇಕ್ ಒಂದೊಂದಾಗಿ ಹಿಡಿದು ತಳ್ಳಿ ನೋಡಿ. ಫ್ರೇಮಿನ ಬೆಸುಗೆಯಲ್ಲಿ ಬಿರುಕು ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಿಲ್ಲು ಕೇಳಿ, ಕದ್ದ ಮಾಲು ಕೊಂಡರೆ ಕಷ್ಟ ನಿಮಗೇ.

4. ಹಣ: ಕೈಸಾಲ ಮಾಡಬೇಡಿ, ಸಂಘದಲ್ಲಿ ಕೇಳಿ. ಉದಾಹರಣೆಗೆ 6,000 ರೂ. ಸಾಲ, ತಿಂಗಳಿಗೆ ನೂರಕ್ಕೆ 1 ರೂ. ಬಡ್ಡಿ ಎಂದುಕೊಳ್ಳಿ. ತಿಂಗಳಿಗೆ 500 ರೂ. ಅಸಲು ಕಟ್ಟುತ್ತಾ, ಉಳಿದ ಅಸಲಿಗೆ ಮಾತ್ರ ಬಡ್ಡಿ ಕೊಟ್ಟರೆ 12 ತಿಂಗಳಿಗೆ ಒಟ್ಟು ಬಡ್ಡಿ 390 ರೂ. ಮಾತ್ರ. ನೂರಕ್ಕೆ 5 ರೂ. ಬಡ್ಡಿಯಾದರೆ ಅದೇ 1,950 ರೂ. ಆಗುತ್ತದೆ.

ಕಲಿಯುವುದು ಹೇಗೆ? ಮೆಕ್ಯಾನಿಕ್ ಹತ್ತಿರ ಎರಡೂ ಪೆಡಲ್ ಬಿಚ್ಚಿಸಿ. ಸೀಟು ಪೂರ್ತಿ ಇಳಿಸಿ, ಕಾಲಿನಿಂದ ನೆಲ ತಳ್ಳುತ್ತಾ ಸಾಗಿ. ಕಾಲೆತ್ತಿ ಸ್ವಲ್ಪ ದೂರ ಹೋಗುವಂತಾದರೆ ಬ್ಯಾಲೆನ್ಸ್ ಬಂದಂತೆ. ಆಮೇಲೆ ಪೆಡಲ್ ಹಾಕಿಸಿ. ಹಿಂದಿನಿಂದ ಯಾರೂ ಹಿಡಿಯಬೇಕಾಗಿಲ್ಲ, ಬೀಳುವ ಭಯವೂ ಕಡಿಮೆ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಮೈದಾನ ಖಾಲಿ ಇರುತ್ತದೆ. ಒಬ್ಬರೇ ನಾಚಬೇಡಿ, ಸಂಘದವರು ನಾಲ್ಕು ಜನ ಸೇರಿ ಒಂದೇ ಸೈಕಲ್‌ನಲ್ಲಿ ಕಲಿಯಿರಿ. ಆಮೇಲೆ ಕೊಳ್ಳುವ ಮಾತು.